ನಿಜಗುಣಪ್ಪ ತೆರೆದ ಕಣ್ಣುಗಳು

ಬೈಲಹೊಂಗಲದ ಬಜಾರದಲ್ಲಿ ನಿಜಗುಣಪ್ಪನ ಫೋಟೋ ಸ್ಟುಡಿಯೋ ಇದೆ. ಅದರ ಬಾಗಿಲ ಪಕ್ಕದ ಬಾಕಿನ ಮೇಲೆ ದಿನಾ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ನಾನು ಕೂತಿರುತ್ತೇನೆ. ನನ್ನ ಹೆಸರು ರಘೋತ್ತಮ. ಮೂವತ್ತಾರು ವರ್ಷ ಕನ್ನಡ ಶಾಲೆಯ ಮಾಸ್ತರಿಕೆ ಮಾಡಿ ನಿವೃತ್ತನಾದವನು. ಮನೆಯಲ್ಲಿ ಟಿವಿ ಇಲ್ಲವೇ ಎಂದು ಕೆಲವರು ಕೇಳುತ್ತಾರೆ. ಇದೆ. ಅದು ಚಹಾ ತರಿಸುವುದಿಲ್ಲ.

ನಿಜಗುಣಪ್ಪನಿಗೆ ಜಗತ್ತಿನ ಎಲ್ಲದರ ಬಗ್ಗೆಯೂ ಅಭಿಪ್ರಾಯವಿದೆ. ವಾಟ್ಸಾಪಿನಲ್ಲಿ ಗುಡ್ ಮಾರ್ನಿಂಗ್ ಬಂದರೆ, "ಮುಂಜಾನಿ ಆಗೇತಿ ಅಂತ ನನಗ ಗೊತ್ತಿಲ್ಲೇನ್ರಿ ಮಾಸ್ತರ?" ಎಂದು ನನ್ನನ್ನೇ ಕೇಳುತ್ತಾನೆ, ನಾನೇ ಕಳಿಸಿದವನ ಹಾಗೆ. ಫೋನಿನಿಂದ ದುಡ್ಡು ಕೊಟ್ಟರೆ ಗಟ್ಟಿಯಾಗಿ ಕೂಗುವ ಆ ಸಣ್ಣ ಡಬ್ಬಿಯನ್ನು ಅವನೂ ಇಟ್ಟಿದ್ದಾನೆ. ಆದರೆ ಅದಕ್ಕೆ ಎರಡು ಟವೆಲ್ ಸುತ್ತಿದ್ದಾನೆ. "ಅಪ್ಪ ಸತ್ತ ದುಃಖದಾಗ ಬಂದಿರ್ತಾರ. ಇದು ನಾಕ ಮಂದಿ ಮುಂದ ಆರನೂರು ರೂಪಾಯಿ ಬಂದ್ವು ಅಂತ ಒದರತೈತಿ. ರೊಕ್ಕಕ್ಕ ಬಾಯಿ ಇರಬಾರದ್ರಿ" ಎನ್ನುತ್ತಾನೆ. ಈ ಒಂದು ಮಾತನ್ನು ನಾನೂ ಒಪ್ಪುತ್ತೇನೆ.

ಸತ್ತವರ ಮಾತು ಯಾಕೆ ಬಂತೆಂದರೆ, ಅವನ ಕಸುಬೇ ಅದು. ನಮ್ಮ ಕಡೆ ಲಿಂಗಾಯತರ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಮಲಗಿಸಿ ಬಿಡುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹೊಸ ಬಟ್ಟೆ ಉಡಿಸಿ, ಹಾರ ಹಾಕಿ, ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಮಣ್ಣಿಗೆ ಒಯ್ಯುವ ಮೊದಲು ಫೋಟೋ ತೆಗೆಸುತ್ತಾರೆ. ಎಷ್ಟೋ ಜನರಿಗೆ ಜೀವಮಾನದಲ್ಲಿ ಅದೇ ಮೊದಲ ಫೋಟೋ. ಜೀವಮಾನದಲ್ಲಿ ಎನ್ನುವುದು ಸರಿಯಲ್ಲ, ಆದರೂ. ಆಮೇಲೆ ಆ ಫೋಟೋದಿಂದ ಮುಖವನ್ನಷ್ಟೇ ದೊಡ್ಡದು ಮಾಡಿ, ಮುಚ್ಚಿದ ರೆಪ್ಪೆಯ ಮೇಲೆ ಸಣ್ಣ ಕುಂಚದಿಂದ ತೆರೆದ ಕಣ್ಣು ಬರೆದು, ಕಟ್ಟು ಹಾಕಿಸಿ ಕೊಡುವವನು ನಿಜಗುಣಪ್ಪ. ನಲವತ್ತು ವರ್ಷದಿಂದ ಬರೆಯುತ್ತಿದ್ದಾನೆ. ಕಿತ್ತೂರು, ಸವದತ್ತಿ, ಅತ್ತ ರಾಮದುರ್ಗದ ಸುರೇಬಾನದವರೆಗೂ ಪಡಸಾಲೆಯ ಗೋಡೆಗಳಿಂದ ಮನೆಯ ಹಿರಿಯರು ಅವನು ಬರೆದ ಕಣ್ಣಿನಿಂದಲೇ ನೋಡುತ್ತಾರೆ.

ನಮ್ಮ ಬ್ರಾಹ್ಮಣರಲ್ಲಿ ಕೂಡಿಸುವ ಪದ್ಧತಿ ಇಲ್ಲ. ಆದರೆ ನನ್ನ ಹೆಂಡತಿ ಮಥುರಾಬಾಯಿಗೆ ಕ್ಯಾಮೆರಾ ಕಂಡರೆ ಕಣ್ಣು ಮುಚ್ಚುವ ರೋಗವಿತ್ತು. ಮದುವೆ, ಮುಂಜಿವೆ, ಯಾತ್ರೆ, ಯಾವ ಫೋಟೋದಲ್ಲೂ ಕಣ್ಣು ತೆರೆದಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಆಕೆ ಹೋದಾಗ ನಿಜಗುಣಪ್ಪನೇ ಒಂದು ಫೋಟೋಕ್ಕೆ ಕಣ್ಣು ಬರೆದು ಕೊಟ್ಟ. ದುಡ್ಡು ಮುಟ್ಟಲಿಲ್ಲ. ಅಂದಿನಿಂದ ನಾನು ಅವನ ಬಾಕಿನ ಮೇಲಿದ್ದೇನೆ.

ಎರಡು ವರ್ಷದ ಹಿಂದೆ ಎದುರಿನ ಮೊಬೈಲ್ ಅಂಗಡಿಯ ಗೌರೀಶ ಬಂದು, "ಇನ್ನ ಕುಂಚ ಬಿಡ್ರಿ ಕಾಕಾ, ಎಐ ಬಂದೈತಿ" ಎಂದು ಕಂಪ್ಯೂಟರಿನಲ್ಲಿ ಏನೋ ಹಾಕಿಕೊಟ್ಟ. ಗುಂಡಿ ಒತ್ತಿದರೆ ಸತ್ತವರು ಕಣ್ಣು ಬಿಡುತ್ತಾರೆ. ನಿಜಗುಣಪ್ಪನ ಕೈ ಆಗಲೇ ನಡುಗಲು ಶುರುವಾಗಿತ್ತು. "ಹೆಣ ನೆಟ್ಟಗ ಕೂಡಿಸಾಕ ಬರತೈತೇನ್ ಇದಕ್ಕ?" ಎಂದು ಒಂದು ವಾರ ಬೈದ. ಎರಡನೇ ವಾರ ಕುಂಚ ತೊಳೆದು ಡಬ್ಬಿಗೆ ಹಾಕಿದ. ನನಗೆ ಮೈ ಉರಿಯಿತು. ಈ ಎಐ ಎಂಬುದು, 'ಗೊತ್ತಿಲ್ಲ' ಎಂದು ಹೇಳಲು ಬಾರದ ಹುಡುಗನಂಥದ್ದು. ಅಂಥವರನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಹೋದ ಶ್ರಾವಣದ ಒಂದು ಶನಿವಾರ ಸಂಗೊಳ್ಳಿಯ ಉಮಾಶ್ರೀ ಬಂದಳು. ಇಲ್ಲಿನ ಸೊಸೈಟಿಯಲ್ಲಿ ಕ್ಲಾರ್ಕು. ಐದು ದಿನದ ಹಿಂದೆ ಅವಳ ತಾಯಿ ಕಾಡವ್ವ ತೀರಿಕೊಂಡಿದ್ದಳು. ಕೂಡಿಸಿದಾಗ ಫೋಟೋ ತೆಗೆದವನು ನಿಜಗುಣಪ್ಪ. ಗುಂಡಿ ಒತ್ತಿ ಕಣ್ಣು ಬಿಡಿಸಿದ್ದ ಆ ಫೋಟೋವನ್ನು ಅವಳು ಟೇಬಲ್ ಮೇಲೆ ಇಟ್ಟಳು.

"ಕಾಕಾ, ಇದು ನಮ್ಮವ್ವ ಅಲ್ರಿ."

ನಾನೂ ಬಗ್ಗಿ ನೋಡಿದೆ. ಎಪ್ಪತ್ತು ದಾಟಿದ ಮುಖದಲ್ಲಿ ಪೌಡರ್ ಜಾಹೀರಾತಿನ ಹುಡುಗಿಯ ಕಣ್ಣು ಮಿಂಚುತ್ತಿದ್ದವು.

"ಬ್ಯಾರೆ ಫೋಟೋ ಇಲ್ಲೇನವಾ?" ಎಂದ ನಿಜಗುಣಪ್ಪ.

"ಮೊಬೈಲ್ ಹಿಡಿದ್ರ ಸೆರಗ ಮುಚ್ಚಿಕೊಂಡ ಒಳಗ ಓಡತಿದ್ಳ್ರಿ. ಆಧಾರ ಕಾರ್ಡ್ ಒಂದೈತಿ. ಅದರಾಗಿನಾಕಿ ಯಾರವ್ವನೂ ಆಗಬಹುದು."

ನಿಜಗುಣಪ್ಪ ಮತ್ತೆ ಗುಂಡಿ ಒತ್ತಿದ. ಈ ಸಲ ಕಣ್ಣು ಬೆಕ್ಕಿನ ಬಣ್ಣಕ್ಕೆ ತಿರುಗಿದವು. ಮೂರನೇ ಸಲ ಕಾಡವ್ವ ನಮ್ಮನ್ನು ಬಿಟ್ಟು ಗೌರೀಶನ ಅಂಗಡಿಯ ಕಡೆ ನೋಡಿದಳು. ಉಮಾಶ್ರೀ ಅಲ್ಲಿಯವರೆಗೆ ತಡೆದುಕೊಂಡಿದ್ದಳು.

"ಐದ ದಿನಕ್ಕ ನನಗ ಅವ್ವನ ಕಣ್ಣ ನೆನಪಿಗೆ ಬರವಲ್ವುರಿ ಕಾಕಾ. ನೆನಸ್ಕೊಂಡ್ರ ಕೂಡಿಸಿದಾಕೀನ ಬರ್ತಾಳ, ಕಣ್ಣ ಮುಚ್ಚಿಕೊಂಡು. ಆಕಿ ನೋಡಿದ್ರ ಉಂಡೇನವಾ ಅಂತ ಕೇಳಿದಂಗ ಇರ್ತಿತ್ತು. ಸೋಮವಾರ ಶಿವಗಣಾರಾಧನಿ ಐತಿ. ಫೋಟೋ ಇಲ್ಲದಿದ್ರೂ ನಡೀತೈತಿ, ಆದ್ರ ಆಮ್ಯಾಲ ನಾ ಯಾರ್ನ ನೋಡ್ಲಿ?" ಎಂದು ಅತ್ತಳು.

ನಿಜಗುಣಪ್ಪ ಕಂಪ್ಯೂಟರ್ ಬಂದ್ ಮಾಡಿದ. "ನಾಳೆ ಸಂಜಿಮುಂದ ಬಾರವಾ" ಎಂದ.

ರವಿವಾರ ನಾನು ಊಟಕ್ಕೂ ಏಳಲಿಲ್ಲ. ಅವನು ಡಬ್ಬಿ ತೆಗೆದು, ಕುಂಚ ನೆನೆಸಿ, ಬಲಗೈ ನಡುಗದಂತೆ ಎಡಗೈಯಿಂದ ಒತ್ತಿ ಹಿಡಿದು ಬರೆಯತೊಡಗಿದ. ಎದುರಿಗೆ ನೋಡಿ ಬರೆಯಲು ಏನೂ ಇಟ್ಟುಕೊಂಡಿರಲಿಲ್ಲ.

"ಕಾಡವ್ವ ಜೀವಂತ ಇದ್ದಾಗ ನೋಡಿದ್ದೇನು?" ಎಂದೆ.

"ಇಲ್ಲ."

"ಮತ್ತ ಹೆಂಗ ಬರೀಲಿಕ್ಕೆ ಹತ್ತೀ?"

"ಸುಮ್ನ ಕುಂದರ್ರಿ ಮಾಸ್ತರ."

ಸಂಜೆ ಉಮಾಶ್ರೀ ಬಂದಳು. ಫೋಟೋ ಕೈಗೆ ತೆಗೆದುಕೊಂಡಳು. ಈಕೆ ಇನ್ನೊಮ್ಮೆ ಅಲ್ಲ ಅಂದರೆ ಈ ಮನುಷ್ಯ ಅಂಗಡಿಯನ್ನೇ ಮುಚ್ಚುತ್ತಾನೆ ಎಂದು ನನಗೆ ಜೀವದಲ್ಲಿ ಜೀವವಿರಲಿಲ್ಲ. ಅವಳು ಫೋಟೋ ಹಿಡಿದುಕೊಂಡೇ ನನ್ನ ಪಕ್ಕ ಕುಸಿದು ಕೂತಳು.

"ಅವ್ವಾ" ಎಂದಳು. ಸ್ವಲ್ಪ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು ನಕ್ಕಳು. "ಈಗ ನೆನಪಾತ್ರಿ ಕಾಕಾ. ನಮ್ಮವ್ವಗ ಆಕೀ ಅವ್ವನ ಕಣ್ಣ ಬಂದಿದ್ವು. ಆಯೀ ಫೋಟೋ ನಮ್ಮ ಪಡಸಾಲ್ಯಾಗ ಐತಿ ನೋಡ್ರಿ, ನೀವಽ ಬರದಿದ್ದು. ಥೇಟ್ ಅವಽ ಕಣ್ಣು."

ಅವಳು ಫೋನಿನಿಂದ ದುಡ್ಡು ಕೊಟ್ಟು ಹೋದಳು. ಡಬ್ಬಿ ಟವೆಲಿನೊಳಗೆ ಏನೋ ಗೊಣಗಿತು. ನಿಜಗುಣಪ್ಪ ಒಂದು ಅಭಿಪ್ರಾಯವನ್ನೂ ಹೇಳದೆ ಕುಂಚ ತೊಳೆಯುತ್ತ ಕೂತ. ಇಷ್ಟು ವರ್ಷದಲ್ಲಿ ನಾನು ಅವನನ್ನು ಹಾಗೆ ಕಂಡಿರಲಿಲ್ಲ.

"ಮಾಸ್ತರ, ನನಗ ಒಂದಽ ಜೋಡಿ ಕಣ್ಣ ಬರಿಯಾಕ ಬರ್ತಾವ್ರಿ" ಎಂದ ಕೊನೆಗೆ.

"ಅಂದ್ರ?"

"ನಮ್ಮವ್ವ ಹೋದಾಗ ನನಗ ಹತ್ತೊಂಬತ್ತ ವರ್ಷ. ಫೋಟೋ ತಗಸಾಕ ರೊಕ್ಕ ಇರಲಿಲ್ಲ. ಮರೀಬಾರದಂತ ಆಕೀ ಕಣ್ಣ ರಟ್ಟಿನ ಮ್ಯಾಲ ಬರದೆ, ಬರದೆ, ಬರದೆ. ಕೈಗೆ ಅವಽ ಕುಂತ್ವು. ಆ ಹುಡುಗೀ ಆಯಿಗೂ ಅವಽ, ಈಗ ಕಾಡವ್ವಗೂ ಅವಽ. ಗಂಡಸರಾದ್ರ ಹುಬ್ಬ ದಪ್ಪ ಮಾಡತೇನಿ."

ನನಗೆ ತಲೆ ಕೆಟ್ಟು ಹೋಯಿತು. "ಲೇ! ಅಷ್ಟೂ ಮನೆಯವರಿಗೆ ಮೋಸ ಮಾಡೀಯೇನು? ಆ ಎಐಗೆ ಯಾಕ ಬೈದಿ ಮತ್ತ?"

"ಅದು ಲಕ್ಷ ಮಂದಿ ಕಣ್ಣ ಕಲಸಿ ಒಬ್ಬರಿಗೆ ಹಚ್ಚತೈತಿ. ನಾ ಒಬ್ಬಾಕೀ ಕಣ್ಣ ಎಲ್ಲಾರಿಗೂ ಹಚ್ಚೇನಿ. ಅದಕ್ಕ ಅವ್ವ ಇಲ್ರಿ, ನನಗ ಇದ್ಳು. ಇಷ್ಟಽ ಫರಕ."

"ಉಮಾಶ್ರೀಗೆ ಹೇಳ್ತೀಯೇನು?"

"ನೀವು ಹೇಳ್ತೀರೇನು?"

ನಾನು ಹೇಳುವುದಿಲ್ಲ. ಆದರೆ ಅಷ್ಟರಲ್ಲಿ ನನಗೆ ನಮ್ಮ ಮನೆಯ ಗೋಡೆ ನೆನಪಾಯಿತು. "ನಿಜಗುಣಪ್ಪಾ, ನಮ್ಮಾಕೀವು?" ಎಂದೆ.

ಅವನು ನನ್ನ ಲೋಟ ಎತ್ತಿ ನೋಡಿದ. "ಚಾ ಆರೇತಿ. ಇನ್ನೊಂದು ತರಸ್ಲ್ಯಾ?"

ನಾನು ಎದ್ದು ಮನೆಗೆ ಬಂದೆ. ಹತ್ತೊಂಬತ್ತು ವರ್ಷ ದಿನಾ ಬೆಳಿಗ್ಗೆ ಆ ಫೋಟೋದ ಮುಂದೆ ನಿಂತು ಉಳ್ಳಾಗಡ್ಡಿಯ ರೇಟು, ಮೊಣಕಾಲಿನ ನೋವು, ಅವಳ ತಮ್ಮ ನನಗೆ ಮಾಡಿದ ಅವಮಾನ ಎಲ್ಲ ಹೇಳಿದ್ದೇನೆ. ಎಷ್ಟೋ ಸಲ ಜಗಳ ಆಡಿದ್ದೇನೆ. ಅಷ್ಟನ್ನೂ ಕೇಳಿಸಿಕೊಂಡವಳು ನಿಜಗುಣಪ್ಪನ ತಾಯಿ. ಸಿಟ್ಟಿನಿಂದ ಫೋಟೋ ಇಳಿಸಬೇಕೆಂದು ಕುರ್ಚಿ ಹತ್ತಿದೆ. ಇಳಿಸುವ ಮೊದಲು ಮಥುರೆಯ ಖರೆ ಕಣ್ಣನ್ನು ನೆನಪಿಸಿಕೊಳ್ಳಲು ನೋಡಿದೆ. ಅವಳ ದನಿ ಬಂತು, ಬಳೆಯ ಸದ್ದು ಬಂತು, ಒಗ್ಗರಣೆಯ ವಾಸನೆ ಸುದ್ದಾ ಬಂತು. ಕಣ್ಣು ಮಾತ್ರ ಗೋಡೆಯ ಮೇಲಿನವೇ ಬಂದವು. ಬೇರೆ ನನ್ನ ಹತ್ತಿರ ಉಳಿದಿರಲಿಲ್ಲ. ಕುರ್ಚಿಯ ಮೇಲೆ ನಿಂತೇ ಅತ್ತೆ.

ಮರುದಿನ ಹತ್ತಕ್ಕೆ ಬಾಕಿನ ಮೇಲೆ ಕೂತು, "ನಿಮ್ಮವ್ವನ ಹೆಸರು ಏನು?" ಎಂದು ಕೇಳಿದೆ.

"ಕೆಂಚವ್ವ. ಯಾಕ್ರಿ?"

"ಏನಿಲ್ಲ. ಚಾ ತರಸು."

ಈಗ ದಿನಾ ಆ ಫೋಟೋಕ್ಕೆ ಒಂದರ ಬದಲು ಎರಡು ಹೂವು ಏರಿಸುತ್ತೇನೆ. ಸುದ್ದಿಯನ್ನೂ ಮೊದಲಿನಂತೆ ಹೇಳುತ್ತೇನೆ. ಜಗಳ ಮಾತ್ರ ಬಿಟ್ಟಿದ್ದೇನೆ. ಇನ್ನೊಬ್ಬರ ತಾಯಿಯ ಎದುರು ದನಿ ಏರಿಸುವುದು ಚೆಂದವಲ್ಲ.