ಲಾನಿನ ಮಣ್ಣುಗುಡ್ಡೆ ಯಾರದು?

ನಮ್ಮಕ್ಕನ ಕಾಲು ಲಾನಿನಲ್ಲಿ ಹೂತುಹೋಯಿತು.

ಕೊಟ್ಟೂರಿನ ನಮ್ಮ ಮನೆಯ ಮುಂದೆ ಲಾನ್ ಅಂತ ಒಂದಿದೆ (ಎರಡು ಚಾಪೆ ಹಾಸುವಷ್ಟು ಜಾಗಕ್ಕೆ ಅದು ದೊಡ್ಡ ಹೆಸರೇ). ಹಡಗಲಿಯಿಂದ ಬಂದಿದ್ದ ಅಕ್ಕ ಬೆಳಗ್ಗೆ ಹೂ ಕೀಳಲು ಅದರ ಮೇಲೆ ಕಾಲಿಟ್ಟಳು. ನೆಲ ಕುಸಿದು ಪಾದ ಉಳುಕಿತು. ನೋಡಿದರೆ ಅಲ್ಲಲ್ಲಿ ಹೊಸ ಮಣ್ಣಿನ ಗುಡ್ಡೆಗಳು.

ಯಾರ ಕೆಲಸ?

"ಹುತ್ತ ಏಳಾಕತ್ತೈತ್ರಿ. ಹಾವಿಂದು" ಎಂದರು ಪಕ್ಕದ ಮನೆಯ ವೀರಣ್ಣ. ಗೊಬ್ಬರದ ಅಂಗಡಿಯವರು. ಮಣ್ಣಿನ ವಿಷಯದಲ್ಲಿ ಓಣಿಯಲ್ಲಿ ಅವರ ಮಾತಿಗೆ ತೂಕವಿದೆ. ಅವರ ಹೆಂಡತಿ ಗೌರಮ್ಮ ಮಧ್ಯಾಹ್ನದೊಳಗೆ ಒಂದು ಗುಡ್ಡೆಗೆ ಅರಿಸಿನ, ಕುಂಕುಮ ಏರಿಸಿ ಕೈ ಮುಗಿದದ್ದೂ ಆಯಿತು.

ನನ್ನ ಹೆಂಡತಿ ಸುಮಾ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಕುಕ್ಕರಗಾಲಲ್ಲಿ ಕೂತು ನೋಡಿದಳು. "ಗೆದ್ದಲಿಂದಾದ್ರ ಮಣ್ಣು ಗಟ್ಟಿ ಇರ್ತಿತ್ತು. ಇರುವಿದಾದ್ರ ರವಾ ಸುರದಂಗ. ಎರಿಹುಳ ಸಣ್ಣ ಸಣ್ಣ ಉಂಡಿ ಹಾಕತಾವ. ಇದು ಹೆಂಟಿ ಹೆಂಟಿ ಮಣ್ಣು, ಬಾಜೂಕ ಮುಷ್ಟಿ ಹೋಗೋವಷ್ಟು ತೂತು. ಹೆಗ್ಗಣರಿ ಇದು. ನೆಲ ಅಗಿಯಾಕ ಹಾವಿಗೆ ಕೈ ಎಲ್ಲಿ ಅದಾವು?"

ವೀರಣ್ಣ ಒಪ್ಪಲಿಲ್ಲ. ಸರಿ, ಸಂಜೆ ಸುಮಾ ತೂತಿನ ಸುತ್ತ ತೆಳ್ಳಗೆ ಬೂದಿ ಉದುರಿಸಿದಳು.

ಮರುದಿನ ಬಿಸಿಲೇರಿದ ಮೇಲೆ ಹೋಗಿ ನೋಡಿದೆವು. ಬೂದಿಯ ಮೇಲೆ ಪುಟ್ಟ ಬೆರಳುಗಳ ಗುರುತು. ಹೆಗ್ಗಣವೇ! ಆದರೆ ಪಕ್ಕದಲ್ಲಿ ಇನ್ನೊಂದು ಗುರುತೂ ಇತ್ತು. ಹಗ್ಗ ಎಳೆದಂಥ ಡೊಂಕು ಗೆರೆ, ಸೀದಾ ತೂತಿನೊಳಕ್ಕೆ.

"ನಾ ಏನ್ ಹೇಳಿದ್ನಿ?" ಎನ್ನುತ್ತ ವೀರಣ್ಣ ಬಡಿಗೆ ತಂದರು. ಓಣಿಯ ನಾಲ್ಕು ಜನ ಸೇರಿದರು. ಯಾರೋ ತೂತಿಗೆ ಕೊಡಗಟ್ಟಲೆ ನೀರು ಸುರಿದರು. ಮಾರುದ್ದದ ಕಂದು ಹಾವೊಂದು ಸರ್ರನೆ ಹೊರಬಂತು. (ನಾನು? ಉಳುಕಿದ ಕಾಲು ಚಾಚಿ ಕೂತಿದ್ದ ಅಕ್ಕನ ಕುರ್ಚಿಯ ಹಿಂದೆ ಇದ್ದೆ.)

"ಕೇರಿ ಹಾವುರಿ ಅದು! ವಿಷ ಇಲ್ಲ. ಹೆಗ್ಗಣ ತಿನ್ನಾಕ ಬಂದೈತಿ, ಬಿಡ್ರಿ" ಎಂದು ಸುಮಾ ಅಡ್ಡ ನಿಂತಳು.

"ನಿಮ್ಮ ಪುಸ್ತಕ ಕಚ್ಚಂಗಿಲ್ರಿ, ಹಾವು ಕಚ್ಚತೈತಿ. ಸರೀರಿ ಆಕಡೆ" ಎಂದರು ವೀರಣ್ಣ.

ಬಡಿಗೆ ಮೇಲೆದ್ದಿತ್ತು. ಆಗ ಗೌರಮ್ಮ ಓಡಿಬಂದು ಗಂಡನ ರಟ್ಟೆ ಹಿಡಿದರು. "ನಿನ್ನೆ ಪೂಜಿ ಮಾಡೀನ್ರಿ. ಇವತ್ತ ಹೊಡಿತೀರೇನು? ನನ್ನಾಣೆ ಐತಿ!"

ವಿಜ್ಞಾನ ಅರ್ಧ ತಡೆದಿತ್ತು, ಭಕ್ತಿ ಉಳಿದರ್ಧ ತಡೆಯಿತು. ಅಷ್ಟರಲ್ಲಿ ಹಾವು ಕಾಂಪೌಂಡಿನ ಸಂದಿಯಲ್ಲಿ ಮಾಯ. ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.

ಹಾವು ಆಗಾಗ ಬಂದು ಹೋಗುತ್ತಿರಬೇಕು, ಆಮೇಲೆ ಒಂದೂ ಹೊಸ ಗುಡ್ಡೆ ಎದ್ದಿಲ್ಲ. ಹುಲ್ಲು ಮತ್ತೆ ಕೂಡಿಕೊಂಡಿದೆ. ಆದರೆ ಸಂಜೆ ಹರಟೆಗೆ ಬಂದು ಲಾನಿನ ಮೇಲೆ ಕೂರುತ್ತಿದ್ದ ವೀರಣ್ಣ ಈಗ ಹಾವಿಗೆ ಹೆದರಿ ಗೇಟಿನ ಆಚೆಯಿಂದಲೇ ಮಾತಾಡಿಸುತ್ತಾರೆ. ಓಣಿಯ ಉಳಿದವರೂ ಅಷ್ಟೇ. ಒಳಗೆ ಬರುವವರು ಗೌರಮ್ಮ ಒಬ್ಬರೇ.

ನೆಲ ಕೊರೆಯುವ ಹೆಗ್ಗಣದ ಜೊತೆ ಹಾಯಾಗಿ ಕೂರುತ್ತಿದ್ದ ನಾವು, ಅದನ್ನು ಓಡಿಸಿದವನನ್ನು ಕಂಡರೆ ಮಾತ್ರ ಬಡಿಗೆ ಹುಡುಕುವುದೇಕೆ?