ಮೋಡಿ ಕಾಗದದ ಶಮಶೇರಸಾಬರು

ಹಾವೇರಿ ಕೋರ್ಟಿನ ಗೇಟು ಇನ್ನೂ ತೆರೆದಿಲ್ಲ. ಎದುರಿನ ಚಹಾದಂಗಡಿಯ ಕಟ್ಟೆಯ ಮೇಲೆ ಶಮಶೇರಸಾಬರು ಆಗಲೇ ಕುಳಿತು, ಎಳೆಬಿಸಿಲಿಗೆ ಒಂದು ಹಳೆಯ ಕಾಗದ ಹಿಡಿದಿದ್ದಾರೆ. ಹಳೆಯ ಮರಾಠಿ ದಫ್ತರಗಳ ಮೋಡಿ ಲಿಪಿಯ ಕಾಗದ. ಅಕ್ಷರಗಳು ಒಂದರ ಕೈ ಒಂದು ಹಿಡಿದು ಓಡುತ್ತವೆ. ಅಜ್ಜಂದಿರ ಕಾಲದ ಇಂಥ ಪತ್ರ ಓದಿಸಲು ರಾಣೇಬೆನ್ನೂರು, ಬ್ಯಾಡಗಿ ಕಡೆಯಿಂದಲೂ ಜನ ಇವರನ್ನೇ ಹುಡುಕಿಕೊಂಡು ಬರುತ್ತಾರೆ.

"ಬರಿಯೋರಿಗೆ ಭಾಳ ಅವಸರ ಇತ್ರಿ," ಎಂದು ನಗುತ್ತಾರೆ. "ಮೌ ಅಂತ ಬರದು ಎರಡು ಗೆರಿ ಎಳದ್ರ ಮೌಜೆ, ಅಂದ್ರ ಹಳ್ಳಿ. ಸಹಿ ಮಾಡಾಕ ಬಾರದವರು ಗುರ್ತು ಹಾಕತಿದ್ರು. ರೈತಂದು ನೇಗಿಲ, ಬಡಿಗ್ಯಾಂದು ಬಾಚಿ, ಹೆಣ್ಮಕ್ಕಳದು ಕೈಬಳಿ."

ವಕೀಲರೊಬ್ಬರ ಗುಮಾಸ್ತರಾಗಿದ್ದ ತಂದೆ ಮಕ್ತುಮಸಾಬರು ಕಲಿಸಿದ ವಿದ್ಯೆ ಇದು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಹೊಟ್ಟೆಪಾಡಿಗೆ ಮೋಡಿ. ಕೇಸು ಗೆದ್ದವರು ಪೇಢೆ ಹಂಚಿ ಹೋಗುತ್ತಾರೆ. ಓದಿಕೊಟ್ಟವರ ನೆನಪು ಯಾರಿಗೂ ಇರುವುದಿಲ್ಲ, ಪಾಪ. ಈಗೀಗ ಕಣ್ಣಿಗೂ ಪೊರೆ ಬರುತ್ತಿದೆ.

ಇವತ್ತು ಅವರಿಗೆ ಎದೆಯಲ್ಲಿ ಅಳುಕು. ಮೋಟೆಬೆನ್ನೂರಿನ ಹೊನ್ನವ್ವ ಎಂಬಾಕೆ ತನ್ನ ಬಾವಿಯ ಅರ್ಧ ನೀರನ್ನು ವಾರಗಿತ್ತಿಗೆ ಬರೆದುಕೊಟ್ಟ ಪತ್ರವಿದು. ಆ ವಾರಗಿತ್ತಿಯ ಮೊಮ್ಮಗಳು ಸುಶೀಲವ್ವನ ಮೆಣಸಿನ ಗಿಡಗಳು ಆ ನೀರಿಲ್ಲದೆ ಬಾಡುತ್ತಿವೆ. "ನಮ್ಮಜ್ಜಿ ಗುರ್ತು ತೋರಸ್ರಿ, ನೀರು ಬಿಡ್ತೇನಿ," ಎನ್ನುತ್ತಾನೆ ಹೊನ್ನವ್ವನ ಮೊಮ್ಮಗ ಅಂದಾನೆಪ್ಪ. ಗುರುತು ಇಲ್ಲವೆಂದು ಶಮಶೇರಸಾಬರು ಹೋದ ವಾರವೇ ಹೇಳಿಬಿಟ್ಟಿದ್ದರು. ಸುಶೀಲವ್ವ ಅಳುತ್ತಾ ಹೋದದ್ದು ನೋಡಿದ ಮೇಲೆ ಅವರಿಗೆ ಊಟ ಸೇರಿಲ್ಲ. ಇನ್ನೊಮ್ಮೆ ನೋಡುತ್ತೇನೆಂದು ತಾವೇ ಕರೆಸಿದ್ದಾರೆ; ಇಬ್ಬರೂ ಬಂದು ಕಟ್ಟೆಯ ಪಕ್ಕದಲ್ಲೇ ನಿಂತಿದ್ದಾರೆ.

ಪತ್ರದ ಕೊನೆಯಲ್ಲೊಂದು ತೇಪೆಯಿದೆ. ಅದನ್ನು ಬಿಸಿಲಿಗೆ ಅಡ್ಡ ಹಿಡಿಯುತ್ತಾರೆ. ಒಳಗೊಂದು ದುಂಡನೆಯ ಗೆರೆ. ಪಕ್ಕದಲ್ಲೇ ಹೊನ್ನವ್ವನ ಹೆಸರು.

"ಯವ್ವಾ, ಈ ತ್ಯಾಪಿ ಹಚ್ಚಿದವರು ಯಾರು?"

"ನಾನ ರೀ ಸಾಬ್ರ. ಹರದೀತಂತ ಗಂಜಿ ಹಚ್ಚಿ ಅಂಟಿಸಿದ್ದೆ. ಅಲ್ಲೊಂದು ಮಸಿ ಕಲಿ ಇತ್ತು, ಮುಚ್ಚಿದ್ರ ಛಲೋ ಅನಸ್ತು."

"ಕಲಿ ಅಲ್ಲವ್ವಾ, ಬಳಿ!"

ಅಂದಾನೆಪ್ಪ ಬಗ್ಗಿ ಬಹಳ ಹೊತ್ತು ನೋಡುತ್ತಾನೆ. ಅಜ್ಜಿಯ ಕೈಯ ಗುರುತನ್ನು ಅವನು ನೋಡುತ್ತಿರುವುದು ಇದೇ ಮೊದಲು. "ನಾಳಿಂದ ನೀರು ಹಾಯಸ್ಕೊ ಅಕ್ಕಾ," ಎಂದು ಮೆಲ್ಲಗೆ ಹೇಳುತ್ತಾನೆ. ಸುಶೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡು ನಗುತ್ತಾಳೆ.

ಶಮಶೇರಸಾಬರು ನಿಟ್ಟುಸಿರು ಬಿಟ್ಟು ಚಹಾ ಹೇಳುತ್ತಾರೆ. "ಇಷ್ಟು ವರ್ಷ ನನ್ನ ಮಾತು ಖರೇ ಆಗ್ಲಿ ಅಂತ ದುವಾ ಮಾಡ್ತಿದ್ದೆ ನೋಡ್ರಿ. ಈ ವಾರ ಒಂದ ಬೇಡಿಕೊಂಡೆ: ಯಾ ಅಲ್ಲಾ, ನಾ ಹೇಳಿದ್ದು ತಪ್ಪಾಗ್ಲಿ."