ಹಲಸಿನ ಬಾಗಿಲುವಾಡ

ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿ ಗೌರೀಶಂಕರಪ್ಪನವರು ಬೆಳಿಗ್ಗೆ ಮನೆ ಕಟ್ಟುವವರು, ಸಂಜೆ ಕೊಳ್ಳುವವರು. "ನಾವೇ ಕಟ್ಟುಸ್ಕಂಡ್ರೇನೇ ಮನೆ ಕಣಯ್ಯ" ಎಂದು ಕಾಫಿ ಅರ್ಧಕ್ಕೇ ಬಿಟ್ಟು ಹೊರಟವರು, ಸರ್ಕಾರದ ಕಂಟ್ರೋಲಿನಲ್ಲಿರುವ ಸಿಮೆಂಟಿನ ಪರ್ಮಿಟ್ಟಿಗೆ ನಿಂತ ಸಾಲು ನೋಡಿ "ಕಟ್ಟಿರೋದ್ನೇ ತಗಂಡ್ಬುಡೋದು ವಾಸಿ" ಎಂದು ಹಿಂದಿರುಗುತ್ತಾರೆ. ಊಟಕ್ಕೆ ಕರೆದವರ ಮನೆಯಲ್ಲಿ ಕೈ ತೊಳೆಯುವ ಮೊದಲೇ ಗೋಡೆ ಗುದ್ದಿ ನೋಡುತ್ತಾರೆ; ಸಾವಿನ ಮನೆಯಲ್ಲೂ ತಲೆಯೆತ್ತಿ ತೊಲೆ ಎಣಿಸಿದ್ದನ್ನು ನಾನೇ ಕಂಡಿದ್ದೇನೆ. ಕಟ್ಟುವ ಹುಮ್ಮಸ್ಸಿನಲ್ಲಿ ಹೊಸ್ತಿಲ ಸಮೇತ ಮಾಡಿಸಿದ ಹಲಸಿನ ಬಾಗಿಲುವಾಡ ಬಾಡಿಗೆ ಮನೆಯ ಗೋಡೆಗೊರಗಿ ವರ್ಷಗಳಾದವು. "ಇದ್ನ ಮಾರ್ಬುಡನಾ?" ಎಂದು ಹೆಂಡತಿ ಶಿವಗಂಗಮ್ಮನವರನ್ನು ಆಗಾಗ ಕೇಳುತ್ತಾರೆ. ಆಕೆ ಶುಕ್ರವಾರ ಬಂದರೆ ಬಾಡಿಗೆ ಮನೆಯ ಹೊಸ್ತಿಲನ್ನು ಬರೀ ತೊಳೆದು ಬಿಡುತ್ತಾರೆ. ಅರಿಸಿನ, ಕುಂಕುಮ, ಹೂವು ಎಲ್ಲ ಆ ಗೋಡೆಗೊರಗಿದ ಹೊಸ್ತಿಲಿಗೆ.